ವಿಕ್ ಫ್ಯಾಂಜಿಯೊ ಡಿಫೆನ್ಸ್ ನೋಡೋದು ಹೇಗೆ?

ಎಲ್ಲರಿಗೂ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎದುರು ತಂಡವನ್ನು ತಡೆಯುವ ಹನ್ನೊಂದು ಜನರಿಗೆ ಪ್ರತ್ಯೇಕ ಕೋಚ್ ಇರುತ್ತಾರೆ. ಅವರೇ ಡಿಫೆನ್ಸಿವ್ ಕೋಆರ್ಡಿನೇಟರ್. ವಿಕ್ ಫ್ಯಾಂಜಿಯೊ 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಆ ಕೆಲಸಕ್ಕೆ ಬಂದರು. ಹಿಂದಿನ ಸೀಸನ್ನಿನ ಕೊನೆಗೆ ಆ ತಂಡದ ಡಿಫೆನ್ಸ್ ಪೂರ್ತಿ ಕುಸಿದಿತ್ತು. ಇವರು ಬಂದ ವರ್ಷವೇ ಇಡೀ ಲೀಗ್‌ನಲ್ಲಿ ಎದುರಾಳಿಗೆ ಮುಂದೆ ಸಾಗೋಕೆ ಅತಿ ಕಡಿಮೆ ಗಜ ಬಿಟ್ಟುಕೊಟ್ಟ ತಂಡ ಅದಾಯಿತು.

ಹೇಗೆ? ಮೈದಾನದಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವ ಇಬ್ಬರನ್ನು ನೋಡಿ. ಅವರು ಸೇಫ್ಟಿಗಳು. ಆಟ ಶುರುವಾಗುವ ಮೊದಲು ಕ್ವಾರ್ಟರ್‌ಬ್ಯಾಕ್, ಅಂದರೆ ಎದುರು ತಂಡದಲ್ಲಿ ಚೆಂಡು ಎಸೆಯುವವನು, ಕೂಡ ಅವರನ್ನೇ ನೋಡುತ್ತಾನೆ. ಹಿಂದೆ ಒಬ್ಬನೇ ಇದ್ದರೆ ಒಂದು ಲೆಕ್ಕ, ಇಬ್ಬರಿದ್ದರೆ ಬೇರೆ ಲೆಕ್ಕ. ಫ್ಯಾಂಜಿಯೊ ತಂಡದಲ್ಲಿ ಹೆಚ್ಚಿನ ಸಲ ಇಬ್ಬರೂ ಹಿಂದೆಯೇ ಇರುತ್ತಾರೆ. ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬಂದ ಮೇಲಷ್ಟೇ ಒಬ್ಬ ಮುಂದೆ ನುಗ್ಗಬಹುದು, ಇಲ್ಲಾ ಇಬ್ಬರೂ ಅಲ್ಲೇ ಉಳಿಯಬಹುದು. ಎಸೆಯೋಕೆ ಅವನಿಗೆ ಸಿಗೋದು ಮೂರು ಸೆಕೆಂಡ್ ಇದ್ದರೆ ಜಾಸ್ತಿ. ಅಷ್ಟರಲ್ಲಿ ಮೊದಲು ಹಾಕಿದ ಲೆಕ್ಕ ಬಿಟ್ಟು ಹೊಸದಾಗಿ ಹಾಕಬೇಕು. ಅವನು ತಡವರಿಸುವ ಆ ಅರ್ಧ ಸೆಕೆಂಡ್ ಇದೆಯಲ್ಲ, ಈ ಡಿಫೆನ್ಸ್ ನಿಂತಿರೋದೇ ಅದರ ಮೇಲೆ.

ಆದರೆ ಇದಕ್ಕೆ ಬೆಲೆ ತೆರಬೇಕು. ಇಬ್ಬರು ಹಿಂದೆ ನಿಂತರೆ ಮುಂದೆ ಜನ ಕಡಿಮೆ. ಎದುರಾಳಿ ಚೆಂಡು ಹಿಡಿದು ಓಡಿ ನಾಲ್ಕೈದು ಗಜ ಕದಿಯಬಹುದು, ಹತ್ತಿರದ ಪಾಸ್ ಕೂಡ ಸಿಗುತ್ತದೆ. ಫೀಲ್ಡರ್‌ಗಳನ್ನು ಬೌಂಡರಿಗೆ ಕಳಿಸಿ ಸಿಂಗಲ್ ಬಿಟ್ಟುಕೊಡುವ ಕ್ರಿಕೆಟ್ ಕ್ಯಾಪ್ಟನ್ ಲೆಕ್ಕಾಚಾರವೇ ಇದು. ಸಣ್ಣದು ತಗೋ, ದೊಡ್ಡದು ಮಾತ್ರ ಕೊಡಲ್ಲ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಟ್ಯಾಂಪಾ ಬೇ ಆ ಸಣ್ಣದನ್ನೇ ತಗೊಂಡಿತು. ಅವರ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್ ಚಕಚಕನೆ ಹತ್ತಿರದ ಪಾಸ್ ಎಸೆಯುತ್ತಾ ಹೋದ. ಈಗಲ್ಸ್ 33-16ರಲ್ಲಿ ಸೋತಿತು. ಮರುವಾರ ಅವರಿಗೆ ಪಂದ್ಯ ಇರಲಿಲ್ಲ. ಆ ಬಿಡುವಿನ ನಂತರ ಫ್ಯಾಂಜಿಯೊ, ಆ ವರ್ಷವಷ್ಟೇ ಕಾಲೇಜಿನಿಂದ ಬಂದಿದ್ದ ಕೂಪರ್ ಡಿಜೀನ್‌ನನ್ನು ಸ್ಲಾಟ್‌ನಲ್ಲಿ, ಅಂದರೆ ಒಳಭಾಗದಲ್ಲಿ ಪಾಸ್ ಹಿಡಿಯುವ ರಿಸೀವರ್‌ಗಳ ಕಾವಲಿಗೆ, ನಿಲ್ಲಿಸಿದರು. ಹತ್ತಿರದ ಪಾಸ್ ಹಿಡಿದವನನ್ನು ಅಲ್ಲೇ ಕೆಡವುವ ಹುಡುಗ ಬೇಕಿತ್ತು, ಸಿಕ್ಕಿದ. ನನ್ನ ಪ್ರಕಾರ ಆ ಸೀಸನ್ ತಿರುಗಿದ್ದೇ ಅಲ್ಲಿ. ಜ್ಯಾಕ್ ಬಾನ್ ಕಥೆಯೂ ಇದೆ. ಬೇರೆ ತಂಡದಲ್ಲಿ ಅಂಚಿನಲ್ಲಿ ಆಡುತ್ತಿದ್ದವನನ್ನು ನಡುವಿಗೆ ತಂದರು, ಅವನು ಆ ವರ್ಷದ ಆಲ್-ಪ್ರೋ ಆದ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರರ ಪಟ್ಟಿ ಸೇರಿದ.

ಈಗ 2025ರ ಫೆಬ್ರುವರಿ 9ಕ್ಕೆ ಬನ್ನಿ. ನ್ಯೂ ಆರ್ಲಿಯನ್ಸ್, ಲೀಗ್‌ನ ಫೈನಲ್ ಆದ ಸೂಪರ್ ಬೌಲ್, ಎದುರಿಗೆ ಕ್ಯಾನ್ಸಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್. ಕ್ವಾರ್ಟರ್‌ಬ್ಯಾಕ್ ಮೇಲೆ ಒತ್ತಡ ಹಾಕೋಕೆ ಕೋಚ್‌ಗಳು ಹಿಂದಿನವರನ್ನೂ ಮುಂದೆ ನುಗ್ಗಿಸುತ್ತಾರೆ. ಅದೇ ಬ್ಲಿಟ್ಜ್. ಫ್ಯಾಂಜಿಯೊ ಇಡೀ ಪಂದ್ಯದಲ್ಲಿ ಒಂದು ಸಲವೂ ಬ್ಲಿಟ್ಜ್ ಮಾಡಿಸಲಿಲ್ಲ. ನಾಲ್ಕೇ ಜನ ನುಗ್ಗಿದರು, ಏಳು ಜನ ಹಿಂದೆ ಕಾದರು. ಆದರೂ ಮಹೋಮ್ಸ್ ಆರು ಸಲ ಚೆಂಡಿನ ಸಮೇತ ನೆಲಕ್ಕೆ ಬಿದ್ದ. ಎರಡನೇ ಕ್ವಾರ್ಟರ್‌ನಲ್ಲಿ ಅವನು ಬಲಕ್ಕೆ ಓಡುತ್ತಲೇ ನಡುಭಾಗಕ್ಕೆ ಎಸೆದ. ಅಲ್ಲಿ ಕಾದಿದ್ದವನು ಅದೇ ಡಿಜೀನ್. ಚೆಂಡು ಹಿಡಿದು 38 ಗಜ ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಹೊಡೆದ. ಅವತ್ತು ಅವನಿಗೆ 22 ತುಂಬಿತ್ತು! ಅರ್ಧ ಪಂದ್ಯಕ್ಕೆ ಈಗಲ್ಸ್ 24-0 ಮುಂದೆ, ಕೊನೆಗೆ 40-22ರಲ್ಲಿ ಗೆದ್ದಿತು.

ಎಲ್ಲ ತಂಡಕ್ಕೂ ಇದು ಆಗುತ್ತಾ ಅಂದರೆ, ಇಲ್ಲ ಅಂತಲೇ ಹೇಳಬೇಕು. ನಾಲ್ಕೇ ಜನ ಒತ್ತಡ ತರಬೇಕು ಅಂದರೆ ಜೇಲೆನ್ ಕಾರ್ಟರ್, ಜಾಶ್ ಸ್ವೆಟ್, ಮಿಲ್ಟನ್ ವಿಲಿಯಮ್ಸ್‌ನಂಥವರು ಬೇಕು. ಅವರಿದ್ದೂ ಅದೇ ಸೀಸನ್ನಿನ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್ ಈ ಡಿಫೆನ್ಸ್ ಮೇಲೆ ಐದು ಟಚ್‌ಡೌನ್ ಪಾಸ್ ಎಸೆದು ಪಂದ್ಯ ಗೆದ್ದಿದ್ದ. ಈಗ ಪ್ರಶ್ನೆಗಳಿದ್ದರೆ ಕೇಳಿ.