ಒಂದು ಯೂನಿಟ್‌ಗೆ ಎಷ್ಟು ಕಿಲೋಮೀಟರ್?

ಕೇಳುಗರಿಗೆ ನಮಸ್ಕಾರ.

ಎಲೆಕ್ಟ್ರಿಕ್ ಕಾರುಗಳಲ್ಲಿ ಯಾವುದು ಚೆನ್ನಾಗಿ ಓಡುತ್ತದೆ, ಯಾವುದು ಕೈಗೆ ಸಿಗುತ್ತದೆ, ಕಂಪನಿಗಳ ಪೈಪೋಟಿ ಎಲ್ಲಿಗೆ ಬಂದಿದೆ, ಇಷ್ಟನ್ನೂ ಹತ್ತು ನಿಮಿಷದೊಳಗೆ ಹೇಳಿ ಎಂದು ನಿಲಯದವರು ಕೇಳಿದ್ದಾರೆ. ಹತ್ತು ನಿಮಿಷದಲ್ಲಿ ಎಲ್ಲ ಕಾರುಗಳ ಹೆಸರು ಓದಿ ಮುಗಿಸುವುದೇ ಕಷ್ಟ. ಹಾಗಾಗಿ ನಾನು ಒಂದೇ ಒಂದು ಮಾತು ಹೇಳುತ್ತೇನೆ. ಪೆನ್ನು ಹತ್ತಿರದಲ್ಲಿದ್ದರೆ ಬರೆದುಕೊಳ್ಳಿ. ಕಾರು ನೋಡಲು ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಒಂದು ಯೂನಿಟ್ ಕರೆಂಟಿಗೆ ಈ ಕಾರು ಎಷ್ಟು ಕಿಲೋಮೀಟರ್ ಓಡುತ್ತದೆ?

ಯೂನಿಟ್ ಎಂದರೆ ಮನೆಯ ಮೀಟರಿನಲ್ಲಿ ಏರುವ ಅದೇ ಯೂನಿಟ್. ಬೇರೇನೂ ಅಲ್ಲ.

ಆದರೆ ಜನ ನನ್ನನ್ನು ಕೇಳುವುದು ಇದನ್ನಲ್ಲ. "ಸಾರ್, ಪಿಕಪ್ ಹೇಗೆ? ನೂರು ಮುಟ್ಟಲು ಎಷ್ಟು ಸೆಕೆಂಡು?" ಎಂದು ಕೇಳುತ್ತಾರೆ. ಅಲ್ಲ, ಪಿಕಪ್ ಇಲ್ಲದ ಎಲೆಕ್ಟ್ರಿಕ್ ಕಾರು ಎಲ್ಲಿದೆ ಹೇಳಿ? ಪೆಟ್ರೋಲ್ ಎಂಜಿನ್ ಒಂದಷ್ಟು ಸುತ್ತು ತಿರುಗಿದ ಮೇಲೆ ಬಲ ಕೊಡುತ್ತದೆ. ಎಲೆಕ್ಟ್ರಿಕ್ ಮೋಟರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ. ಸಾಧಾರಣ ಎಲೆಕ್ಟ್ರಿಕ್ ಕಾರು ಕೂಡ ಸಿಗ್ನಲ್ಲಿನಲ್ಲಿ ಚಂಗನೆ ನೆಗೆಯುವುದು ಅದಕ್ಕೇ. 2021ರಲ್ಲಿ ಬಂದ ಟೆಸ್ಲಾ ಮಾಡೆಲ್ ಎಸ್ ಪ್ಲೇಡ್‌ಗೆ 1,020 ಅಶ್ವಶಕ್ತಿ. ಎರಡು ಸೆಕೆಂಡಿನ ಆಸುಪಾಸಿನಲ್ಲಿ ನೂರು ಕಿಲೋಮೀಟರ್ ವೇಗ. ಸರಿ, ಮುಟ್ಟಿತು. ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಲೇಬೇಕಲ್ಲ?

ಈ ಸೆಕೆಂಡು, ವೇಗಗಳ ಹುಚ್ಚು ಹೊಸದೇನೂ ಅಲ್ಲ. ನನಗೆ ಬಹಳ ಇಷ್ಟವಾದ ಒಂದು ಕಥೆ ಇದೆ, ಹೇಳಿಬಿಡುತ್ತೇನೆ.

1898ರ ಡಿಸೆಂಬರ್. ಪ್ಯಾರಿಸ್ ಹತ್ತಿರ ಅಶೇರ್ ಎಂಬಲ್ಲಿ ಒಂದು ನೇರವಾದ ರಸ್ತೆ. ಶಾಸ್ಲೂ-ಲೊಬಾ ಎಂಬ ಕೌಂಟ್, ಅಂದರೆ ದೊಡ್ಡ ಮನೆತನದವನು, ಜಾಂಟೊ ಕಂಪನಿಯ ಎಲೆಕ್ಟ್ರಿಕ್ ಕಾರಿನಲ್ಲಿ ಕೂತು ಗಂಟೆಗೆ 63 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಪ್ಯಾರಿಸ್‌ನಲ್ಲೇ ಕಮೀಲ್ ಜೆನಾಟ್ಸಿ ಎಂಬ ಬೆಲ್ಜಿಯಂನ ಎಂಜಿನಿಯರ್ ಇದ್ದ. ಅವನದೂ ಎಲೆಕ್ಟ್ರಿಕ್ ಗಾಡಿ ತಯಾರಿಸುವ ಕಂಪನಿ. ಕೆಂಪು ಗಡ್ಡದವನು, ಮಹಾ ಹಟಮಾರಿ. ಎದುರಾಳಿ ಕಂಪನಿಯ ಕಾರಿಗೆ ಹೆಸರು ಬಂದರೆ ತನ್ನ ಗಾಡಿ ಕೊಳ್ಳುವವರು ಯಾರು? ಪಂಥ ಕಟ್ಟಿಯೇಬಿಟ್ಟ.

1899ರ ಜನವರಿ 17ರಂದು ಇಬ್ಬರೂ ಅದೇ ರಸ್ತೆಗೆ ಬಂದರು. ಜೆನಾಟ್ಸಿ 66 ಮುಟ್ಟಿದ. ದಾಖಲೆ ಅವನದಾಯಿತು. ಆದರೆ ಅದೇ ದಿನ ಕೌಂಟ್ 70 ಓಡಿಸಿ ಕಿತ್ತುಕೊಂಡ. ಹತ್ತು ದಿನ ಬಿಟ್ಟು ಜೆನಾಟ್ಸಿ ಮತ್ತೆ ಬಂದ, ಈ ಸಲ 80. ಮಾರ್ಚ್‌ನಲ್ಲಿ ಕೌಂಟ್ 92. ನೋಡಿ, ಇದೆಲ್ಲ ಎಲೆಕ್ಟ್ರಿಕ್ ಕಾರುಗಳ ಜಗಳ. ಪೆಟ್ರೋಲ್ ಕಾರು ಈ ಜಗಳದಲ್ಲಿ ಲೆಕ್ಕಕ್ಕೇ ಇರಲಿಲ್ಲ.

ಜೆನಾಟ್ಸಿ ಆಗ ಹೊಸ ಕಾರನ್ನೇ ಕಟ್ಟಿಸಿದ. ಹೆಸರು ಲಾ ಜಮೇ ಕೊಂತಾಂತ್. ಹಗುರವಾದ ಮಿಶ್ರಲೋಹದ ಮೈ, ಟಾರ್ಪೆಡೊ ಆಕಾರ. ಗಾಳಿ ಸರಾಗವಾಗಿ ಜಾರಿಹೋಗಲಿ ಎಂದು ಅಷ್ಟು ಚೂಪಾಗಿ ಮಾಡಿಸಿ, ಅದರ ಮೇಲೆ ತಾನು ಸೊಂಟದಿಂದ ಮೇಲಕ್ಕೆ ನೆಟ್ಟಗೆ ಕೂತ! ಚಕ್ರಗಳೂ ಕೆಳಗೆ ಬಯಲಲ್ಲೇ ಇದ್ದವು. ಆದರೂ ಏಪ್ರಿಲ್ 29ರಂದು ಗಂಟೆಗೆ 105.88 ಕಿಲೋಮೀಟರ್. ರಸ್ತೆಯ ಮೇಲೆ ನೂರು ದಾಟಿದ ಮೊದಲ ಕಾರು ಅದು. ಇವತ್ತಿಗೂ ಫ್ರಾನ್ಸಿನ ಕೊಂಪಿಯೇನ್ ಮ್ಯೂಸಿಯಂನಲ್ಲಿದೆ. 1902ರವರೆಗೆ ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ, ಆಮೇಲೆ ಮುರಿದದ್ದು ಉಗಿಯಿಂದ ಓಡುವ ಗಾಡಿ.

ಇಷ್ಟು ವೇಗದ ಕಾರು ಇದ್ದೂ ಮುಂದಿನ ನೂರು ವರ್ಷ ರಸ್ತೆ ಆಳಿದ್ದು ಯಾರು? ಪೆಟ್ರೋಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಅಷ್ಟನ್ನು ಆ ಕಾಲದ ಸೀಸದ ಬ್ಯಾಟರಿಯಲ್ಲಿ ಹೊರಬೇಕಾದರೆ ನೂರಾರು ಕಿಲೋ ಭಾರ. ಜೆನಾಟ್ಸಿಯೂ ಕೌಂಟ್ ಕೂಡ ವೇಗಕ್ಕೆ ಹೊಡೆದಾಡಿದರು. ಜನರಿಗೆ ಬೇಕಾಗಿದ್ದದ್ದು ದೂರ.

ಇವತ್ತಿನ ಲೀಥಿಯಂ ಬ್ಯಾಟರಿ ಎಷ್ಟೋ ಹಗುರ. ಆದರೂ ಪೆಟ್ರೋಲಿಗೆ ಹೋಲಿಸಿದರೆ ಭಾರವೇ. ಅದಕ್ಕೇ ಮತ್ತೆ ಹೇಳುತ್ತೇನೆ: ಒಂದು ಯೂನಿಟ್‌ಗೆ ಎಷ್ಟು ಕಿಲೋಮೀಟರ್?

ಎರಡು ಕಾರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಂದು, ಅಮೆರಿಕದ ಜಿಎಂಸಿ ಕಂಪನಿಯ ಹಮ್ಮರ್ ಇವಿ. ತೂಕ ನಾಲ್ಕು ಟನ್‌ಗೂ ಹೆಚ್ಚು, ಬ್ಯಾಟರಿ ಇನ್ನೂರು ಯೂನಿಟ್‌ಗೂ ದೊಡ್ಡದು. ಒಂದು ಯೂನಿಟ್‌ಗೆ ಓಡುವುದು ಎರಡೂವರೆ ಕಿಲೋಮೀಟರ್ ಆಚೀಚೆ. ಇನ್ನೊಂದು, ಮರ್ಸಿಡಿಸ್ ಪ್ರಯೋಗಕ್ಕೆಂದು ಮಾಡಿದ ಇಕ್ಯೂಎಕ್ಸ್‌ಎಕ್ಸ್. 2022ರ ಏಪ್ರಿಲ್‌ನಲ್ಲಿ ಅದು ಜರ್ಮನಿಯ ಸ್ಟುಟ್‌ಗಾರ್ಟ್ ಬಳಿಯಿಂದ ಫ್ರಾನ್ಸಿನ ಸಮುದ್ರ ತೀರದ ಕಾಸ್ಸಿಗೆ, ಮಾಮೂಲಿ ರಸ್ತೆಗಳಲ್ಲೇ, ಮಧ್ಯೆ ಎಲ್ಲೂ ಚಾರ್ಜ್ ಮಾಡದೆ 1,008 ಕಿಲೋಮೀಟರ್ ಹೋಯಿತು. ಯೂನಿಟ್‌ಗೆ ಹನ್ನೊಂದು ಕಿಲೋಮೀಟರ್ ದಾಟಿತು. ಬ್ಯಾಟರಿ ಎಷ್ಟು ದೊಡ್ಡದು ಗೊತ್ತೇ? ನೂರು ಯೂನಿಟ್ ಒಳಗೆ! ಹಮ್ಮರಿನ ಅರ್ಧ. ಅದು ಮಾರಾಟಕ್ಕಿಲ್ಲ, ನಿಜ. ಮಾರಾಟಕ್ಕಿರುವ ಒಳ್ಳೆಯ ಕಾರುಗಳು ಆರು, ಏಳು ಕಿಲೋಮೀಟರ್ ಕೊಡುತ್ತವೆ. ಅದು ಸಾಕು.

ಕೆಲವು ಕಂಪನಿಗಳು ಇದನ್ನು ತಿರುವಿ, ನೂರು ಕಿಲೋಮೀಟರಿಗೆ ಇಷ್ಟು ಯೂನಿಟ್ ಎಂದು ಬರೆಯುತ್ತವೆ. ಹೆದರಬೇಡಿ, ನೂರನ್ನು ಅದರಿಂದ ಭಾಗಿಸಿ. 16 ಎಂದಿದ್ದರೆ ಯೂನಿಟ್‌ಗೆ ಆರೂಕಾಲು ಕಿಲೋಮೀಟರ್.

"ಆದರೆ ಫುಲ್ ಚಾರ್ಜಿಗೆ 600 ಕಿಲೋಮೀಟರ್ ಅಂತ ಬರೆದಿದ್ದಾರಲ್ಲ?" ಎಂಬ ಪ್ರಶ್ನೆ ಈಗ ಬರುತ್ತದೆ. ಯಾವ ಪರೀಕ್ಷೆಯಲ್ಲಿ? ಯುರೋಪಿನ ಡಬ್ಲ್ಯುಎಲ್‌ಟಿಪಿ ಬೇರೆ, ಅಮೆರಿಕದ ಇಪಿಎ ಬೇರೆ, ಚೀನಾದ ಸಿಎಲ್‌ಟಿಸಿ ಬೇರೆ. ಒಂದೇ ಕಾರಿಗೆ ಮೂರು ಕಡೆ ಮೂರು ಅಂಕಿ. ಇಪಿಎ ಜಿಪುಣ, ಸಿಎಲ್‌ಟಿಸಿ ಧಾರಾಳಿ. ಒಂದು ಕಾರಿನ ಇಪಿಎ ಅಂಕಿಯನ್ನು ಇನ್ನೊಂದರ ಸಿಎಲ್‌ಟಿಸಿ ಅಂಕಿಯ ಜೊತೆ ಇಟ್ಟು ಹೋಲಿಸುವುದು ಶುದ್ಧ ತಪ್ಪು, ದಯವಿಟ್ಟು ಹಾಗೆ ಮಾಡಬೇಡಿ. ಇನ್ನು ನಿಮ್ಮ ಕಾಲು ಬೇರೆ ಇದೆ. 90ರ ವೇಗದಿಂದ 120ಕ್ಕೆ ಏರಿಸಿದರೆ, ಗಾಳಿಯನ್ನು ಸೀಳಲು ಪ್ರತಿ ಕಿಲೋಮೀಟರಿಗೆ ಖರ್ಚಾಗುವ ಶಕ್ತಿ ಸುಮಾರು ಮುಕ್ಕಾಲು ಪಟ್ಟು ಹೆಚ್ಚುತ್ತದೆ.

ಚಾರ್ಜಿಂಗಿಗೂ ಇದೇ ಲೆಕ್ಕ. ನೂರು ಕಿಲೋವ್ಯಾಟ್ ಚಾರ್ಜರಿನಲ್ಲಿ, ಅಂದರೆ ಗಂಟೆಗೆ ನೂರು ಯೂನಿಟ್ ಕೊಡುವುದರಲ್ಲಿ, ಹತ್ತು ನಿಮಿಷಕ್ಕೆ ಹದಿನಾರು ಚಿಲ್ಲರೆ ಯೂನಿಟ್ ಒಳಗೆ ಹೋಗುತ್ತದೆ ಎನ್ನಿ. ಏಳು ಕಿಲೋಮೀಟರಿನ ಕಾರಿಗೆ ಅದು ನೂರು ಕಿಲೋಮೀಟರಿಗೂ ಮೀರಿದ ದಾರಿ, ಎರಡೂವರೆಯ ಕಾರಿಗೆ ನಲವತ್ತು. ಹ್ಯುಂಡೈ ಅಯೋನಿಕ್ 5ರಂಥ 800 ವೋಲ್ಟಿನ ಕಾರು, ತಕ್ಕ ಚಾರ್ಜರ್ ಸಿಕ್ಕರೆ, ಶೇಕಡಾ 10ರಿಂದ 80ಕ್ಕೆ 18 ನಿಮಿಷದಲ್ಲಿ ತುಂಬುತ್ತದೆ. 80ರ ಮೇಲೆ ಎಲ್ಲ ಕಾರೂ ನಿಧಾನವೇ. ಬಸ್ಸು ಹತ್ತಿದ ಮೊದಲಿಗರಿಗೆ ಸೀಟು ತಕ್ಷಣ ಸಿಗುತ್ತದೆ, ಕೊನೆಗೆ ಹತ್ತಿದವರು ಹುಡುಕಬೇಕು. ಬ್ಯಾಟರಿಯೊಳಗೆ ಲೀಥಿಯಂ ಕಣಗಳದ್ದೂ ಅದೇ ಪಾಡು. ಪ್ರಯಾಣದಲ್ಲಿ 80 ಆದ ಕೂಡಲೇ ಪ್ಲಗ್ ತೆಗೆಯಿರಿ.

ಅಯ್ಯೋ, ಸಮಯ ಮುಗಿಯುತ್ತ ಬಂತು, ಪೈಪೋಟಿಯ ವಿಷಯ ಉಳಿದೇಹೋಯಿತು. ಬೇಗ ಹೇಳುತ್ತೇನೆ. ಚೀನಾದ ಬಿವೈಡಿ 1995ರಲ್ಲಿ ಶುರುವಾದದ್ದು ಬ್ಯಾಟರಿ ಕಂಪನಿಯಾಗಿ. ಅದರ ಬಲ ಇರುವುದೇ ಅಲ್ಲಿ, ಬ್ಯಾಟರಿಗಾಗಿ ಇನ್ನೊಬ್ಬರ ಬಾಗಿಲು ಕಾಯಬೇಕಿಲ್ಲ. 2022ರ ಮಾರ್ಚ್‌ನಲ್ಲಿ ಬರೀ ಪೆಟ್ರೋಲಿನ ಕಾರು ಮಾಡುವುದನ್ನೇ ನಿಲ್ಲಿಸಿತು. 2023ರ ಕೊನೆಯ ಮೂರು ತಿಂಗಳಲ್ಲಿ ಬ್ಯಾಟರಿ ಕಾರುಗಳ ಮಾರಾಟದಲ್ಲಿ ಟೆಸ್ಲಾವನ್ನು ಹಿಂದೆ ಹಾಕಿತು. 2024ರಲ್ಲಿ ಫೋನ್ ಮಾಡುವ ಶಿಯೋಮಿಯೂ ಕಾರು ತಂದಿತು. ಅದೇ ವರ್ಷ ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ಫಿಸ್ಕರ್ ದಿವಾಳಿ ಅರ್ಜಿ ಹಾಕಿತು. ಕಾರು ಸಿಗುತ್ತದೆಯೇ ಎಂದು ಕೇಳುವಾಗ, ಐದು ವರ್ಷದ ಮೇಲೆ ಅದರ ಬಿಡಿಭಾಗ ಸಿಗುತ್ತದೆಯೇ ಎಂದೂ ಕೇಳಿ. ವೇದಿಕೆಯ ಮೇಲೆ ಪರದೆ ಸರಿಸಿ ತೋರಿಸಿದ ಕಾರೆಲ್ಲ ಷೋರೂಮಿಗೆ ಬರುವುದಿಲ್ಲ. 2021ರಲ್ಲಿ ಪುಟ್ಟ ಚಿಪ್‌ಗಳು ಸಿಗದೆ ದೊಡ್ಡ ದೊಡ್ಡ ಕಾರ್ಖಾನೆಗಳೇ ಕೆಲಸ ನಿಲ್ಲಿಸಿದವು.

ಪ್ಲಗ್ಗುಗಳ ಜಗಳವನ್ನೂ ಹೇಳಬೇಕೆಂದಿದ್ದೆ. ಅದಕ್ಕೆ ಇನ್ನೊಂದು ದಿನ ಕರೆಯಲಿ, ಬರುತ್ತೇನೆ. ನಮಸ್ಕಾರ.