ಹುತ್ತದೊಳಗಿನ ಮುಯ್ಯಾಳು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ. ಮಲೆನಾಡಿನ ಈ ಸಾಗರ ಊರಲ್ಲಿ ಜೂನ್ ತಿಂಗಳಲ್ಲಿ ಭಾಷಣ ಇಟ್ಟುಕೊಂಡರೆ ಅರ್ಧ ಭಾಷಣ ಮಳೆಯೇ ಮಾಡುತ್ತದೆ.

ನನಗಿಂತ ಮುಂಚೆ ಮಾತಾಡಿದವರು ಕಾಡಿನ ಜೀವಿಗಳೆಲ್ಲ ಪ್ರೀತಿಯಿಂದ ಕೂಡಿ ಬಾಳುತ್ತವೆ ಎಂದರು. ಕೇಳೋಕೆ ಚೆನ್ನಾಗಿದೆ. ನಾನು ಒಪ್ಪುವುದಿಲ್ಲ. ಕಾಡಲ್ಲಿ ನಡೆಯುವುದು ಮುಯ್ಯಾಳು. ಈ ಸಭೆಗೆ ಅದನ್ನು ವಿವರಿಸಬೇಕಿಲ್ಲ, ಅಲ್ವಾ? ನಿಮ್ಮ ಗದ್ದೆ ನಟ್ಟಿಗೆ ನಾನು ಬಂದೆ, ನನ್ನದಕ್ಕೆ ನೀವು ಬರಬೇಕು. ನೀವು ತಪ್ಪಿಸಿಕೊಂಡರೆ ಮುಂದಿನ ವರ್ಷ ನನಗೂ ಸೊಂಟನೋವು ಬರುತ್ತದೆ. ಇದರಲ್ಲಿ ಪ್ರೀತಿ ಇದ್ದರೂ ಇರಬಹುದು, ಲೆಕ್ಕವಂತೂ ಇದ್ದೇ ಇದೆ.

ಒಂದು ಕಥೆ ಹೇಳುತ್ತೇನೆ. ನಾಲ್ಕು ಮಳೆ ಬಿದ್ದು, ರಾತ್ರಿ ಒಳ್ಳೆ ಗುಡುಗು ಹೊಡೆದ ಮರುದಿನ ನಮ್ಮಜ್ಜಿ ಬೆಳಗಿನ ಕಾಫಿಗೂ ಸಿಗುತ್ತಿರಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಸೊಪ್ಪಿನ ಬೆಟ್ಟ ಹತ್ತಿರುತ್ತಿದ್ದಳು. ಎರಡು ತಾಸು ಬಿಟ್ಟು ಬುಟ್ಟಿ ತುಂಬಾ ಹುತ್ತದ ಅಣಬೆ. ಎಲ್ಲಿ ಸಿಕ್ತು ಅಂತ ಕೇಳಿದರೆ "ಅಲ್ಲೇ, ಮೇಲೆ" ಅನ್ನುವಳು. ಮಗಳಿಗೂ ಜಾಗ ತೋರಿಸಿದವಳಲ್ಲ. ನನ್ನನ್ನು ಒಮ್ಮೆ ಕರೆದುಕೊಂಡು ಹೋದಳು, ಆರು ವರ್ಷದ ಹುಡುಗನಿಗೆ ದಾರಿ ನೆನಪಿರಲ್ಲ ಅಂತ. ಒಂದನ್ನು ಕೊಡೆ ಹಿಡಿದು ಎಳೆದೆ. ಮುರಿಯಿತು. "ಎಳೀಬ್ಯಾಡ ಮಾರಾಯ, ಬುಡ ಕೆದಕು" ಅಂದಳು. ಕೋಲಿನಲ್ಲಿ ಕೆದಕಿದೆ. ದಂಟು ಮುಗಿಯಲೇ ಇಲ್ಲ. ನೆಲದೊಳಗೆ ಬಾಲದ ಹಾಗೆ ಸಪೂರ ಆಗುತ್ತಾ ಮೊಳದುದ್ದ ಇಳಿಯಿತು. ಕೊನೆಗೆ ಅಕ್ರೋಟಿನ ತಿರುಳಿನ ಹಾಗೆ ಸುಕ್ಕುಸುಕ್ಕಾದ ಒಂದು ಕಂದು ಮುದ್ದೆ. ಅದರ ಮೇಲೆಲ್ಲ ಗಸಗಸೆಗಿಂತ ತುಸು ದೊಡ್ಡ ಬಿಳಿ ಕಾಳು. ಸುತ್ತ ಒರಲೆ, ದಿಕ್ಕಾಪಾಲಾಗಿ ಓಡುತ್ತಿದ್ದವು.

ಆ ಮುದ್ದೆಯೇ ಒರಲೆಯ ತೋಟ. ಬಯಲುಸೀಮೆಯವರು ಗೆದ್ದಲು ಅಂತ ಓದಿಕೊಳ್ಳಿ. ಕಟ್ಟಿಗೆ, ದರಕು ಅಂದರೆ ಒಣಗಿ ಉದುರಿದ ಎಲೆ, ಒರಲೆಗೆ ಪೂರ್ತಿ ಜೀರ್ಣ ಆಗಲ್ಲ. ಅಗಿದು ನುಂಗಿ, ಅರೆಬರೆ ಜೀರ್ಣವಾದದ್ದನ್ನು ಹಿಂದಿನಿಂದ ಹೊರಹಾಕಿ, ಅದರಲ್ಲೇ ತೋಟ ಕಟ್ಟುತ್ತದೆ. ಊಟಕ್ಕೆ ಮುಂಚೆ ಇದನ್ನು ಹೇಳಬಾರದಿತ್ತು, ಕ್ಷಮಿಸಿ. ಅದರ ಮೇಲೆ ಶಿಲೀಂಧ್ರ, ಅಂದರೆ ಆ ಅಣಬೆಯದೇ ಬೂಷ್ಟು, ಬೆಳೆದು ಕಟ್ಟಿಗೆಯ ಗಟ್ಟಿ ಭಾಗವನ್ನು ಮೆತ್ತಗೆ ಮಾಡುತ್ತದೆ. ಒರಲೆ ಆ ಬಿಳಿ ಕಾಳು ತಿನ್ನುತ್ತದೆ, ಹಳೇ ಮುದ್ದೆಯನ್ನೂ ತಿನ್ನುತ್ತದೆ. ಬದಲಿಗೆ ಶಿಲೀಂಧ್ರಕ್ಕೆ ಮನೆ, ಮೇವು, ತೇವ, ಹದವಾದ ಬಿಸಿ. ಕಳೆ ಕೀಳುವುದೂ ಒರಲೆಯೇ, ಅಂದರೆ ಬೇರೆ ಬೂಷ್ಟು ಬರದಂತೆ ನೋಡಿಕೊಳ್ಳುತ್ತದೆ. ಮನುಷ್ಯ ಬೇಸಾಯ ಶುರು ಮಾಡಿ ಹೆಚ್ಚೆಂದರೆ 12,000 ವರ್ಷ. ಒರಲೆಯ ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ. ಒಂದು ದಿನ ಮುಯ್ಯಾಳು ತಪ್ಪಿಲ್ಲ. ನಾವು ಚಿಪ್ಪಣಬೆಯನ್ನು ಹುಲ್ಲಿನ ಚೀಲದಲ್ಲಿ ಬೆಳೆದು ಮಾರುತ್ತೇವೆ. ಹುತ್ತದ ಅಣಬೆಯನ್ನು ಹಾಗೆ ಬೆಳೆಯುವ ವಿದ್ಯೆ ಕೈಗೆ ಹತ್ತಿಲ್ಲ. ಅದಕ್ಕೆ ಆ ಆಳೇ ಬೇಕು.

ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು ಅಂತ ಗಾದೆ ಮಾಡಿದ್ದೇವೆ. ಹಾವಿಗೆ ಹಾಲು ಹೊಯ್ದೆವು. ಒಳಗಿದ್ದ ಬೇಸಾಯಗಾರನನ್ನು ಯಾರೂ ಮಾತಾಡಿಸಲಿಲ್ಲ!

ನಾನೂ ಮಾತಾಡಿಸಲಿಲ್ಲ. ಮನೆಯ ದಬ್ಬೆಗೆ, ಅಂದರೆ ಸೀಳಿದ ಮರದ ಪಟ್ಟಿಗೆ, ಒರಲೆ ಹತ್ತಿತು ಅಂತ ಸಿಟ್ಟು ಬಂದು ಅಂಗಡಿಯಿಂದ ಔಷಧಿ ತಂದೆ. ಔಷಧಿ ಅನ್ನುತ್ತೇವೆ ನೋಡಿ, ವಿಷಕ್ಕೆ. ದಬ್ಬೆಗೆ ಹೊಡೆದು ಮಿಕ್ಕಿದ್ದನ್ನು ಸುಮ್ನೆ ಯಾಕೆ ಹಾಳು ಮಾಡೋದು ಅಂತ ಬೆಟ್ಟಕ್ಕೆ ಹೋಗಿ ಹುತ್ತದ ಬಾಯಿಗೆ ಸುರಿದೆ. ಅಜ್ಜಿ ಹೋಗಿ ಆಗಲೇ ಹತ್ತು ವರ್ಷ. ಮುಂದಿನ ಮಳೆಗಾಲ ಆ ಜಾಗದಲ್ಲಿ ಒಂದು ಅಣಬೆ ಇಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಆಗ ಗೊತ್ತಾಯಿತು, ಅದು ಅಜ್ಜಿಯ ಹುತ್ತ.

ಇನ್ನೊಂದು ಮಾತು. ಅಣಬೆ ಕಿತ್ತರೆ ಎಲ್ಲ ಕೀಳಬೇಡಿ. ಮಳೆ ಶುರುವಿಗೆ ದೀಪಕ್ಕೆ ಮುತ್ತುವ ಮಳೆಹುಳ ಇದೇ ಒರಲೆಯ ಮಕ್ಕಳು. ಹೊಸ ಗೂಡು ಮಾಡುವಾಗ ಅವುಗಳ ಹತ್ತಿರ ಶಿಲೀಂಧ್ರದ ಬೀಜ ಇರುವುದಿಲ್ಲ. ಅಣಬೆಯ ಕೊಡೆ ಬಿಚ್ಚಿ ಬೀಜದ ಧೂಳು ಉದುರಿದ ಮೇಲೆ, ಹೊಸ ಗೂಡಿನ ಮೊದಲ ಆಳುಗಳು ಹೊರಗೆ ಬಂದು ಅದನ್ನು ತಂದುಕೊಳ್ಳಬೇಕು. ಕೊಡೆ ಬಿಚ್ಚಿದ್ದು ಪಲ್ಯಕ್ಕೂ ರುಚಿ ಇಲ್ಲ, ಬಿಡೋಕೆ ಏನು ಕಷ್ಟ?

ಚೀಟಿ ಬಂತು. ಐದು ನಿಮಿಷ ಅಂತೆ. ಅತ್ತಿ ಹಣ್ಣಿನ ವಿಷಯ ವಿಸ್ತಾರವಾಗಿ ಹೇಳಬೇಕು ಅಂತಿದ್ದೆ. ಬಿಡಿಸಿದರೆ ಹುಳ ಅಂತ ಮೂಗು ಮುರಿಯುತ್ತೇವೆ. ಆ ಸಣ್ಣ ಕಣಜ ರೆಕ್ಕೆ ಹರಿದುಕೊಂಡು ಒಳಗೆ ತೂರಿ, ಕೆಲವು ಹೂವಿನಲ್ಲಿ ಮೊಟ್ಟೆ ಇಟ್ಟು, ಉಳಿದವಕ್ಕೆ ಪರಾಗ ಕೊಟ್ಟು ಅಲ್ಲೇ ಸಾಯುತ್ತದೆ. ಅದು ಬರದಿದ್ದರೆ ಅತ್ತಿಗೆ ಬೀಜ ಇಲ್ಲ, ಮಂಗಟ್ಟೆ ಹಕ್ಕಿಗೆ ಹಣ್ಣಿಲ್ಲ. ಅಲ್ಲೂ ಮುಯ್ಯಿ. ಮರದ ಮೇಲೆ ಬೆಳೆಯುವ ಆರ್ಕಿಡ್ ಹೂವು, ನಮ್ಮ ಸೀತಾಳೆ ದಂಡೆ, ಅದರ ಬೀಜ ಹಿಟ್ಟಿನಷ್ಟು ಸಣ್ಣ, ಬುತ್ತಿ ಇಲ್ಲದೆ ಹೊರಟಿರುತ್ತದೆ. ಮೊಳೆಯಬೇಕಾದರೆ ಶಿಲೀಂಧ್ರವೇ ಉಣಿಸಬೇಕು. ಜೇನಿನದು ನಿಮಗೆ ಗೊತ್ತಿದೆ, ಬಿಡುತ್ತೇನೆ.

ಏನು? ಹಿಂದಿನಿಂದ ಯಾರೋ ಕೇಳ್ತಿದ್ದಾರೆ, ಆ ಹುತ್ತದಲ್ಲಿ ಮತ್ತೆ ಅಣಬೆ ಬಂತಾ ಅಂತ. ಅದರಲ್ಲಿ ಇಲ್ಲ. ಅದು ಕರಗಿ ಮಣ್ಣಾಯಿತು. ಹೋದ ಮಳೆಗಾಲ ಬೇರೆ ಕಡೆ ಏಳು ಎದ್ದಿದ್ದವು. ನಾಲ್ಕು ಕಿತ್ತೆ, ಮೂರು ಬಿಟ್ಟೆ. ಎಲ್ಲಿ ಅಂದ್ರಾ? ಅಲ್ಲೇ, ಮೇಲೆ.