ಲೋವೆಲ್‌: ಕಾಲುವೆ ತೋಡಿದವರ ಚರ್ಚು

ಕೇಳುಗರೇ, ನಮಸ್ಕಾರ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಮೆರಿಮ್ಯಾಕ್ ನದಿಯ ದಡದಲ್ಲಿ ಲೋವೆಲ್ ಎಂಬ ಊರಿದೆ. ಹತ್ತಿ ಗಿರಣಿಗಳಿಂದ ಹೆಸರಾದ ಊರು. ಆ ಗಿರಣಿಗಳಲ್ಲಿ ದುಡಿದ ಹಳ್ಳಿಯ ಹೆಣ್ಣುಮಕ್ಕಳ ಬಗ್ಗೆ ಇತಿಹಾಸಕಾರರು ಬೇಕಾದಷ್ಟು ಬರೆದಿದ್ದಾರೆ. ನಾನಿವತ್ತು ಹೇಳುವುದು, ಗಿರಣಿಯ ಚಕ್ರ ತಿರುಗಿಸುವ ನೀರಿಗೆ ದಾರಿ ಮಾಡಿಕೊಟ್ಟವರ ಕಥೆ.

1822ರಲ್ಲಿ ಹ್ಯೂ ಕಮಿಸ್ಕಿ ಎಂಬ ಐರಿಶ್ ಮೇಸ್ತ್ರಿ, ಬಾಸ್ಟನ್ ಪಕ್ಕದ ಚಾರ್ಲ್ಸ್‌ಟೌನ್‌ನಿಂದ ಸುಮಾರು 30 ಕೂಲಿಯಾಳುಗಳನ್ನು ಕರೆದುಕೊಂಡು ಕಾಲ್ನಡಿಗೆಯಲ್ಲೇ ಬಂದ. ಹಳೆಯ ಪಟಕೆಟ್ ಕಾಲುವೆಯನ್ನು ಅಗಲ ಮಾಡುವ ಕೆಲಸ. ಗಿರಣಿಯ ಹೆಣ್ಣುಮಕ್ಕಳಿಗೆ ಗಿರಣಿ ಕಂಪನಿ ವಸತಿಗೃಹ ಕಟ್ಟಿಸಿತು. ಈ ಕೂಲಿಗಳಿಗೆ ಒಂದು ಸೂರೂ ಇಲ್ಲ. ಕೆಲಸ ಮುಗಿದರೆ ಹೊರಟುಹೋಗುತ್ತಾರೆ ಅಂದುಕೊಂಡಿದ್ದರೇನೋ! ಅವರು ಹೋಗಲಿಲ್ಲ. ಖಾಲಿ ಜಾಗದಲ್ಲಿ ಗುಡಿಸಲು ಹಾಕಿಕೊಂಡರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಆ ಕೇರಿಗೆ ‘ಏಕರ್’ ಎಂಬ ಹೆಸರೇ ನಿಂತಿತು.

ಕಂಪನಿ ಮೊದಲು ಕಟ್ಟಿಸಿದ್ದು ಸಂತ ಆನ್ನಳ ಚರ್ಚು, ಅದು ಪ್ರಾಟೆಸ್ಟಂಟರದು. ಕ್ಯಾಥೋಲಿಕರಾದ ಈ ಐರಿಶರಿಗೆ ಆಮೇಲೆ ಜಾಗ ಸಿಕ್ಕಿತು. 1831ರ ಜುಲೈ 3ರಂದು ಬಿಷಪ್ ಫೆನ್‌ವಿಕ್ ಅಲ್ಲಿ ಸಂತ ಪ್ಯಾಟ್ರಿಕನ ಮರದ ಚರ್ಚನ್ನು ಆಶೀರ್ವದಿಸಿದರು. ಸ್ವಂತ ಮನೆ ನೆಟ್ಟಗಿಲ್ಲದ ಜನ ಒಂದು ಬಲಿಪೀಠದ ಸುತ್ತ ಊರಾದರು.

ಆ ಕಾಲ ಅವರಿಗೆ ಒಳ್ಳೆಯದಾಗಿರಲಿಲ್ಲ. 1834ರಲ್ಲಿ, ಅವರು ಹೊರಟುಬಂದ ಅದೇ ಚಾರ್ಲ್ಸ್‌ಟೌನ್‌ನಲ್ಲಿ, ಕ್ಯಾಥೋಲಿಕರನ್ನು ದ್ವೇಷಿಸುವ ಉದ್ರಿಕ್ತ ಗುಂಪೊಂದು ಉರ್ಸುಲೈನ್ ಕನ್ಯಾಸ್ತ್ರೀಯರ ಮಠಕ್ಕೆ ಬೆಂಕಿಯಿಟ್ಟು ಸುಟ್ಟಿತು. ಅದಾದ ಮರುವರ್ಷವೇ ಲೋವೆಲ್‌ನಲ್ಲಿ ನಡೆದದ್ದನ್ನು ಕೇಳಿ. ಐರಿಶ್ ಮಕ್ಕಳ ಶಾಲೆಯ ಖರ್ಚನ್ನು ಊರಿನ ತೆರಿಗೆ ಹಣದಿಂದಲೇ ಕೊಡುವುದೆಂದು ಪುರಸಭೆ ಒಪ್ಪಿತು. ಶಿಕ್ಷಕರು ಕ್ಯಾಥೋಲಿಕರೇ ಇರಬಹುದು, ಆದರೆ ಅವರ ಪರೀಕ್ಷೆ ಊರಿನ ಸಮಿತಿಯದು. ಪುಸ್ತಕಗಳಲ್ಲಿ ಅವರ ಧರ್ಮವನ್ನು ಹಳಿಯುವ ಮಾತಿರಕೂಡದು. ಇದು ಶಾಶ್ವತವಾಗಿ ಉಳಿಯಲಿಲ್ಲ, ನಿಜ. ಆದರೂ ದ್ವೇಷ ಕುದಿಯುತ್ತಿದ್ದ ಹೊತ್ತಿನಲ್ಲಿ ಎರಡೂ ಕಡೆಯವರು ಒಟ್ಟಿಗೆ ಕೂತು ಮಕ್ಕಳ ಓದಿನ ಬಗ್ಗೆ ಮಾತಾಡಿದರಲ್ಲ, ಲೋವೆಲ್‌ನ ಎಲ್ಲ ಗಿರಣಿಗಳಿಗಿಂತ ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಮುಂದೆ ಐರ್ಲೆಂಡಿನ ಆಲೂಗಡ್ಡೆ ಬರಗಾಲಕ್ಕೆ ಸಿಕ್ಕಿ ಓಡಿಬಂದವರಿಂದ ಕೇರಿ ತುಂಬಿತು. 1852ರಲ್ಲಿ ನೋಟರ್ ಡೇಮ್ ಎಂಬ ಕ್ಯಾಥೋಲಿಕ ಸಂಘದ ಧರ್ಮಭಗಿನಿಯರು ಬಂದು ಶಾಲೆ ತೆರೆದರು. ಕ್ಯಾಥೋಲಿಕರ ಮೇಲಿನ ಅನುಮಾನ ಇನ್ನೂ ಹೋಗಿರಲಿಲ್ಲ; 1855ರಲ್ಲಿ ರಾಜ್ಯ ಶಾಸನಸಭೆಯ ಸಮಿತಿಯೊಂದು ಅವರ ಮನೆಯನ್ನೂ ತಪಾಸಣೆಗೆಂದು ಹೊಕ್ಕಿತು. ಅಷ್ಟರಲ್ಲಿ ಮರದ ಚರ್ಚಿನ ಜಾಗದಲ್ಲಿ ಕಲ್ಲಿನ ಚರ್ಚು ಎದ್ದಿತ್ತು, ಪೂಜೆಯೂ ನಡೆಯುತ್ತಿತ್ತು.